ಉಜ್ಜಿದ ಬೆಸುಗೆ

ಗಡ್ಡ ಹೆರೆದುಕೊಂಡ ಮೇಲೆ ದವಡೆಯ ಮೇಲೆ ಬೆರಳಾಡಿಸಿ ನೋಡುವುದು ಎಲ್ಲ ಗಂಡಸರೂ ಮಾಡುವ ಕೆಲಸವೇ. ಉಳಿದವರು ಕನ್ನಡಿ ನೋಡಿಕೊಂಡು ಮಾಡುತ್ತಾರೆ. ಮಹದೇವಪ್ರಸಾದ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ. ಆ ಶುಕ್ರವಾರ ಬೆಳಿಗ್ಗೆ ಎಡಗೆನ್ನೆಯ ಕೆಳಗೊಂದು ಕಡೆ ಬೆರಳು ತೊಡರಿತು. ಮತ್ತೊಮ್ಮೆ ಬ್ಲೇಡು ಎಳೆದ. ಮತ್ತೂ ತೊಡರಿತು. ಇನ್ನೊಮ್ಮೆ ಎಳೆದಾಗ ರಕ್ತ ಬಂತು. ಆ ರಕ್ತ ಕಂಡು ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತೆನ್ನಬೇಕು. ಹೆಚ್ಚು ಉಜ್ಜಿದರೆ ಏನಾಗುತ್ತದೆಂದು ಚರ್ಮವಾದರೂ ಆಗಿಂದಾಗಲೇ ಹೇಳಿಬಿಡುತ್ತದೆ. ಉಕ್ಕು ಹೇಳುವುದಿಲ್ಲ, ತನ್ನ ಹೊತ್ತು ಬರುವವರೆಗೆ ಸಭ್ಯವಾಗಿ ಸುಮ್ಮನಿರುತ್ತದೆ. ಬಚ್ಚಲಿನ ಹೊರಗಿಂದ ಹೆಂಡತಿ ಸೌಮ್ಯ, "ಏನ್ರೀ, ಹೆಣ್ಣು ನೋಡಕ್ಕೆ ಹೊರಟಿದೀರಾ? ನೀರು ತಣ್ಣಗಾಗೋಯ್ತು" ಎಂದು ಕೂಗಿದಳು. ಅವನು ಗಾಯದ ಮೇಲೆ ಪಟಿಕ ಒತ್ತಿ ಹಿಡಿದುಕೊಂಡು, ಇವತ್ತು ಹೇಳಿಬಿಡಬೇಕು ಎಂದುಕೊಂಡ. ನಿನ್ನೆಯೂ ಇದೇ ಕನ್ನಡಿಯ ಮುಂದೆ ಹಾಗೆಯೇ ಅಂದುಕೊಂಡಿದ್ದು ನೆನಪಾಗಿ ಕನ್ನಡಿಯಿಂದ ಮುಖ ತಿರುಗಿಸಿದ.

ವಿಷಯ ಇಷ್ಟೇ ಆಗಿತ್ತು. ತಂಗಿ ಪದ್ಮಾವತಿಯ ಮಗಳು ಲಹರಿ ಭಾನುವಾರ ಡ್ರ್ಯಾಗ್ ರೇಸಿನಲ್ಲಿ ಕಾರು ಓಡಿಸುವವಳಿದ್ದಳು. ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಹುಡುಗಿ. ಊರಿನವರ ಸಕ್ಕರೆ ಕೊಬ್ಬುಗಳನ್ನು ಅಳೆದಳೆದು ಬಂದ ಸಂಬಳದಲ್ಲಿ ತನ್ನಷ್ಟೇ ವಯಸ್ಸಾದ ಒಂದು ಎಸ್ಟೀಮ್ ಕಾರು ಕೊಂಡು, ಅದಕ್ಕೆ ಮೀರಿದ ಎಂಜಿನ್ನು ಕೂರಿಸಿಕೊಂಡಿದ್ದಳು. ವಿಮಾನ ಇಳಿಯದ ವಿಮಾನಪಟ್ಟಿಯ ಮೇಲೆ ಎರಡು ಕಾರು ಅಕ್ಕಪಕ್ಕ ನಿಂತು, ಹಸಿರು ದೀಪ ಬಿದ್ದೊಡನೆ ಚಿಮ್ಮಿ, ಹದಿನೈದು ಸೆಕೆಂಡಿನೊಳಗೆ ಮುಗಿಸಿಬಿಡುವ ಓಟವದು. "ತಿರುವು ಗಿರುವು ಏನೂ ಇಲ್ವೇನಮ್ಮ?" ಎಂದು ಪ್ರಸಾದ ಕೇಳಿದ್ದ. "ಇಲ್ಲ ಮಾವ, ನೆಟ್ಟಗೆ ಹೋಗೋದು ಅಷ್ಟೇ." "ನೆಟ್ಟಗೆ ಹೋಗೋದೇ ಕಷ್ಟ ಬುಡು" ಎಂದು ತಾನು ಹೇಳಿದ್ದಕ್ಕೆ ತಾನೇ ನಕ್ಕಿದ್ದ. ಆದರೆ ಎಂಜಿನ್ನು ಬಲಿತರೆ ಹಳೆಯ ಮೈ ತಾಳುವುದಿಲ್ಲ. ಚಿಮ್ಮುವ ರಭಸಕ್ಕೆ ಕಾರಿನ ತಗಡು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಅದಕ್ಕೇ ಸೀಟಿನ ಸುತ್ತ ಉಕ್ಕಿನ ಪೈಪುಗಳ ಪಂಜರ, ಅದರ ಕಾಲುಗಳಿಂದ ಹೊರಟು ಎಂಜಿನ್ನಿನ ಎರಡೂ ಮಗ್ಗುಲಲ್ಲಿ ಹಾದು ಮುಂದಿನ ಚಕ್ರಗಳ ನೆತ್ತಿಯವರೆಗೆ ಹೋಗುವ ಎರಡು ಪೈಪುಗಳು, ರೇಸಿನವರ ಮಾತಿನಲ್ಲಿ ಬಾರುಗಳು. ಕಾರು ಮಗುಚಿದರೆ ಪಂಜರ ತಲೆ ಕಾಯುತ್ತದೆ, ಎದುರಿಗೆ ಗುದ್ದಿದರೆ ಬಾರುಗಳು ಎದೆ ಕಾಯುತ್ತವೆ. ಇವನ್ನೆಲ್ಲ ಕಾಯುವುದು ಬೆಸುಗೆ. ಮೊದಲ ದಿನವೇ ಲಹರಿ ಹೇಳಿದ್ದಳು: "ಮಾವ, ವೆಲ್ಡ್ ಮಾಡಿದ್ಮೇಲೆ ಅದು ಹೇಗಿರುತ್ತೋ ಹಾಗೇ ಬಿಡ್ಬೇಕಂತೆ. ಗ್ರೈಂಡರ್ ಹಾಕಿ ಉಜ್ಜಬಾರ್ದಂತೆ, ಜಾಯಿಂಟ್ ಬಲ ಎಲ್ಲ ಹೋಗಿಬಿಡುತ್ತಂತೆ." "ಗೊತ್ತು ಕಣಮ್ಮ. ಇಷ್ಟು ವರ್ಷ ನಾನೇನ್ ಕಡ್ಲೆಪುರಿ ಮಾರ್ತಿದ್ನಾ?" ಎಂದಿದ್ದ ಅವನು.

ಗೊತ್ತಿತ್ತು. ಗೊತ್ತಿದ್ದೂ ಉಜ್ಜಿದ.

ಹೇಗೆ ಉಜ್ಜಿದೆ ಎಂದು ಯಾರಾದರೂ ಕೇಳಿದರೆ ಅವನು ಕೊಡಬಹುದಾದ ಉತ್ತರ ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ. ಬನ್ನಿಮಂಟಪದ ಅವನ ಶೆಡ್ಡಿನಲ್ಲಿ ಹುಟ್ಟುವುದು ಕಿಟಕಿಯ ಗ್ರಿಲ್ಲು, ಗೇಟು, ಮೆಟ್ಟಿಲ ಕೈಹಿಡಿ ಕಂಬಿ. ಗ್ರಿಲ್ಲಿಗೆ ಬಲ ಯಾರಿಗೆ ಬೇಕು. ಕಳ್ಳನೇ ಆದರೂ ಎಷ್ಟು ಎಳೆದಾನು? ಗ್ರಿಲ್ಲಿಗೆ ಬೇಕಾದ್ದು ನುಣುಪು. ಮನೆಯೊಡತಿಯರು ಬಂದು ನಿಂತು, ನವಿಲಿನ ಕೊರಳಿಗೂ ಬಳ್ಳಿಯ ಸುರುಳಿಗೂ ಕೂಡಿದಲ್ಲಿ ಬೆರಳಾಡಿಸಿ, "ಇಲ್ಲಿ ಒಂಚೂರು ಗಂಟು ಸಿಗ್ತದಲ್ಲ" ಎಂದರೆ ಮುಗಿಯಿತು, ಇಡೀ ನವಿಲಿಗೆ ಮರ್ಯಾದೆಯಿಲ್ಲ. ಅಪ್ಪ ಇದ್ದಾಗ ತನ್ನ ಪಂಚೆಯ ತುದಿಯನ್ನು ಪ್ರತಿ ಕೂಡಿಕೆಯ ಮೇಲೂ ಹಾಯಿಸುತ್ತಿದ್ದ. ಮಲ್ಲಿನ ಪಂಚೆ, ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಮಾತಾಡದೆ ಗ್ರಿಲ್ಲನ್ನು ಕಾಲಿಂದ ಬೀಳಿಸಿ ಹೋಗಿಬಿಡುತ್ತಿದ್ದ. ಲಷ್ಕರ್ ಮೊಹಲ್ಲಾದ ಅಂಗಡಿಯವರು ಪ್ರಸಾದನನ್ನು ಇಂದಿಗೂ 'ಫಿನಿಶಿಂಗ್ ಪ್ರಸಾದಣ್ಣ' ಎನ್ನುತ್ತಾರೆ. ಎಂ.ಎ. ಓದಿ, ಮೇಷ್ಟರ ಕೆಲಸಕ್ಕೆ ಅಲೆದು, ಸಿಕ್ಕದೆ ಅಪ್ಪನ ಶೆಡ್ಡಿಗೇ ಬಂದು ಕೂತವನಿಗೆ ಊರು ಕೊಟ್ಟ ಬಿರುದು ಅದೊಂದೇ. ಆ ಮಧ್ಯಾಹ್ನ ಪಂಜರದ ಕಟ್ಟಕಡೆಯ ಬೆಸುಗೆ ಮುಗಿಸಿ, ಟೀ ಕುಡಿದು, ಯಾವುದೋ ಪುಸ್ತಕದಲ್ಲಿ ಓದಿದ ಯಾವುದೋ ವಾದಕ್ಕೆ ಮನಸ್ಸಿನಲ್ಲೇ ಮರುವಾದ ಹೂಡುತ್ತ ಕೂತಿದ್ದ. ವಾದದಲ್ಲಿ ಗೆಲ್ಲುವ ಹೊತ್ತಿಗೆ ಕೈಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಎಡ ಮಗ್ಗುಲಿನ ಕೂಡಿಕೆಗಳು ಆಗಲೇ ನುಣ್ಣಗಾಗಿದ್ದವು. ಆಗಲಾದರೂ ನಿಲ್ಲಿಸಬಹುದಿತ್ತು. ಆದರೆ ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ಒರಟು ಎಂಬುದನ್ನು ನೋಡಲು ಅವನ ಕೈಲಿ ಆಗಲಿಲ್ಲ. ಬಲ ಮಗ್ಗುಲನ್ನೂ ಉಜ್ಜಿದ. ಮುಂದಿನ ಬಾರುಗಳನ್ನಂತೂ ಹೆಚ್ಚು ಮುತುವರ್ಜಿಯಿಂದ ಉಜ್ಜಿದ. ಬಾನೆಟ್ಟು ಎತ್ತಿದರೆ ಎಲ್ಲರಿಗೂ ಮೊದಲು ಕಾಣುವುದು ಅವೇ.

ಉಜ್ಜುವಾಗ ಬೆಸುಗೆಯ ಜೊತೆ ಪೈಪಿನ ಮೈಯೂ ಒಂದಿಷ್ಟು ಹೋಗಿತ್ತು. ಹೋದಲ್ಲಿ ಸಣ್ಣ ತಗ್ಗು. ಅದನ್ನು ನಿಂಗಯ್ಯ ನೋಡಿಕೊಂಡ. ನಿಂಗಯ್ಯ ಶೆಡ್ಡಿನ ಪೇಂಟರು, ಅಪ್ಪನ ಕಾಲದಿಂದ ಇರುವವನು. ಯಜಮಾನ ಉಜ್ಜಿದ ಕಡೆಯೆಲ್ಲ ಹಿಂದೆಯೇ ಬಂದು ಪುಟ್ಟಿ ಮೆತ್ತುವುದು ಅವನ ಸ್ವಾಮಿಭಕ್ತಿ. ಕೇಳದೆಯೇ ಮೆತ್ತಿದ, ಕೇಳದೆಯೇ ಮರಳುಕಾಗದ ಹಾಕಿದ, ಕೇಳದೆಯೇ ಬೂದುಬಣ್ಣ ಹೊಡೆದ. ಮಾರನೆಯ ದಿನ ಲಹರಿ ಬಂದಾಗ ಪಂಜರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ನಿಂತಿತ್ತು. ಅವಳು ಬಾಗಿಲಿನಿಂದ ಒಳಗೆ ಬಗ್ಗಿ ಒಂದು ಕೂಡಿಕೆಯ ಮೇಲೆ ಕೈಯಿಟ್ಟಳು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನಂತರ, "ತುಂಬಾ ನೀಟಾಗಿದೆ ಮಾವ" ಎಂದಳು.

ಪ್ರಸಾದನ ಮನಸ್ಸು ಆ ಮಾತಿಗೆ ನಾಲ್ಕು ದಿನಗಳಿಂದ ಭಾಷ್ಯ ಬರೆಯುತ್ತಿತ್ತು. ಉಜ್ಜಿದ್ದು ಅವಳಿಗೆ ಗೊತ್ತಾಗಿಲ್ಲ. ಮಾವನ ಬೆಸುಗೆ ಹುಟ್ಟುವಾಗಲೇ ಅಷ್ಟು ನುಣ್ಣಗೆ ಹುಟ್ಟುತ್ತದೆಂದು ನಂಬಿದ್ದಾಳೆ. ಹೀಗೆ ಯೋಚಿಸಿದಾಗ ಅವನಿಗೆ ಭಯವಾಗುತ್ತಿತ್ತು. ಜೊತೆಗೆ ಭಯದ ಅಡಿಯಲ್ಲೆಲ್ಲೋ ಒಂದು ಎಳೆ ಹೆಮ್ಮೆಯೂ ಆಗುತ್ತಿತ್ತು. ಹೆಮ್ಮೆ ಆದದ್ದಕ್ಕೆ ನಾಚಿಕೆಯಾಗುತ್ತಿತ್ತು. ಮೂರೂ ಒಟ್ಟಿಗೆ ಆಗುವುದರಿಂದ ಯಾವುದೂ ಪೂರ್ತಿ ಆಗುತ್ತಿರಲಿಲ್ಲ. ಇದು ಅವನ ಜೀವನದ ಬಹುಪಾಲು ಅನುಭವಗಳ ಗತಿ.

ತಿಂಡಿಗೆ ಕೂತಾಗ ಫೋನು ಬಂತು. ಲಹರಿಯೇ.

"ಮಾವ, ತಿಂಡಿ ಆಯ್ತಾ?"

"ಕೂತಿದೀನಿ ಕಣಮ್ಮ. ನಿಂದು?"

"ಆಯ್ತು. ಏನ್ ತಿಂಡಿ ಮಾವ?"

"ಅವರೆಕಾಳು ಉಪ್ಪಿಟ್ಟು. ನಿಮ್ಮತ್ತೆ ಇವತ್ತು ಉಪ್ಪು ಹಾಕಿದಾಳೆ."

ನಗು ಕೇಳಿಸಿತು. ಈಗ ಹೇಳಬೇಕು ಎಂದುಕೊಂಡು ಅವನು ತುತ್ತು ನುಂಗಿದ. "ಮತ್ತೆ?" ಎಂದಳು ಅವಳು. "ಮತ್ತೇನಿಲ್ಲ" ಎಂದ ಅವನು. "ಸರಿ ಮಾವ, ಮಧ್ಯಾಹ್ನ ಅಮ್ಮನ್ನ ಕರ್ಕೊಂಡು ಬರ್ತೀನಿ, ಪೂಜೆ ಮಾಡ್ಲೇಬೇಕಂತೆ." ಫೋನಿಟ್ಟಳು. ಈ ವಾರವಿಡೀ ಹೀಗೇ ಫೋನು ಮಾಡುತ್ತಿದ್ದಳು, ಹೀಗೇ ಇಡುತ್ತಿದ್ದಳು. ಪಾಪ, ಹುಡುಗಿಗೆ ರೇಸಿನ ಅಳುಕು ಎಂದು ಅವನು ಅರ್ಥ ಮಾಡಿಕೊಂಡಿದ್ದ. "ಏನಂತೆ?" ಎಂದಳು ಸೌಮ್ಯ. "ಏನಿಲ್ಲ. ತಿಂಡಿ ಆಯ್ತಾ ಅಂತ." "ದಿನಾ ಕೇಳೋಕೆ ನೀವೇನ್ ಹಸಗೂಸಾ?" ಸೌಮ್ಯ ಉಪ್ಪಿಟ್ಟಿನ ಮೇಲೆ ಇನ್ನೊಂದು ಚಮಚ ತುಪ್ಪ ಸುರಿದಳು. ಅವಳಿಗೂ ಹೇಳಿರಲಿಲ್ಲ. ಹೇಳಿದ್ದರೆ ಎರಡು ನಿಮಿಷದಲ್ಲಿ ತಾನೇ ಫೋನು ತೆಗೆದು ಹೇಳಿ ಮುಗಿಸಿಬಿಡುತ್ತಿದ್ದಳು, ಅದಕ್ಕೇ ಹೇಳಿರಲಿಲ್ಲ.

ಒಂಟಿಕೊಪ್ಪಲಿನಿಂದ ಬನ್ನಿಮಂಟಪದವರೆಗೆ ಸ್ಕೂಟರಿನಲ್ಲಿ ಹೋಗುವ ದಾರಿ ಯೋಚನೆಗೆ ಸಾಕಾಗುವಷ್ಟು ಉದ್ದವೂ ಅಲ್ಲ, ಯೋಚನೆ ತಪ್ಪಿಸಿಕೊಳ್ಳುವಷ್ಟು ಗಿಡ್ಡವೂ ಅಲ್ಲ. ಸಿಗ್ನಲಿನಲ್ಲಿ ಪಕ್ಕ ನಿಂತ ಕಾರಿನ ಕಿಟಕಿಯ ಕಂಬವನ್ನು ನೋಡಿದ. ಇಷ್ಟು ತೆಳು ತಗಡಿನ ನಡುವೆ ಜನ ಕಡಲೆಕಾಯಿ ಬಿಡಿಸಿಕೊಂಡು ಹೇಗೆ ಕೂತಿರುತ್ತಾರೆ? ಹೇಳುವುದರಲ್ಲಿ ಕಷ್ಟವೇನಿದೆ ಎಂದು ತನ್ನನ್ನೇ ಕೇಳಿಕೊಂಡ. 'ಲಹರಿ, ಅಭ್ಯಾಸಬಲ, ಕೈ ತಪ್ಪಿ ಉಜ್ಜಿಬಿಟ್ಟೆ. ಭಾನುವಾರ ಬೇಡ.' ಹತ್ತು ಮಾತೂ ಇಲ್ಲ. ಬೇರೆ ಯಾರದೋ ಕಾರಾಗಿದ್ದರೆ ಹೇಳಿರುತ್ತಿದ್ದ. ಇದು ಪದ್ಮಾವತಿಯ ಮಗಳ ಕಾರು, ಮತ್ತು ಪದ್ಮಾವತಿಗೆ ಅವನು ಹಿಂದೊಮ್ಮೆ ಒಂದು ಕೆಲಸ ಮಾಡಿಕೊಡದೆ ಉಳಿಸಿಕೊಂಡಿದ್ದ. ಲಹರಿ ಮೈನೆರೆದಾಗ ಸೋದರಮಾವ ಹಸಿಸೊಪ್ಪಿನ ಗುಡ್ಲು ಹಾಕಬೇಕು; ಅತ್ತಿಯ ಕೊಂಬೆ, ಆಲದ ಕೊಂಬೆ ತಾನೇ ಕಡಿದು ತಂದು, ತಾನೇ ನೆಟ್ಟು ಕಟ್ಟಿ, ಹುಡುಗಿಯನ್ನು ಅದರೊಳಗೆ ಕೂರಿಸಬೇಕು. ಅವರ ಕಡೆ ಇವತ್ತಿಗೂ ಬಿಡದ ಪದ್ಧತಿ. ಪ್ರಸಾದ ತಂಗಿಯ ಮನೆಯ ನಡುಮನೆಯಲ್ಲಿ ನಿಂತು, ಇದು ಹೆಣ್ಣುಮಕ್ಕಳನ್ನು ಊರಿಗೆ ಪ್ರದರ್ಶನಕ್ಕಿಡುವ ಅನಾಗರಿಕತೆ ಎಂದು ಭಾಷಣ ಮಾಡಿದ್ದ. ಭಾಷಣದಲ್ಲಿ ತಪ್ಪೇನೂ ಇರಲಿಲ್ಲ, ಇವತ್ತೂ ಬೇಕಾದರೆ ಅದನ್ನೇ ಮಾಡಿಯಾನು. ಆದರೆ ಮಚ್ಚು ಹಿಡಿದು, ಹೆಗಲ ಮೇಲೆ ಸೊಪ್ಪಿನ ಹೊರೆ ಹೊತ್ತು ಒಂಟಿಕೊಪ್ಪಲಿನ ಬೀದಿಯಲ್ಲಿ ನಡೆದುಬರಬೇಕಾಗುತ್ತದಲ್ಲ ಎಂಬ ಸಂಕೋಚ ಮೊದಲು ಬಂದಿತ್ತು, ಸಿದ್ಧಾಂತ ಆಮೇಲೆ ಬಂದಿತ್ತು. ದೂರದ ಸಂಬಂಧದ ಯಾರೋ ಬಂದು ಗುಡ್ಲು ಹಾಕಿಹೋದರು. ಪದ್ಮಾವತಿ ಒಂದು ಮಾತೂ ಆಡಲಿಲ್ಲ, ಅಂದರೆ ಅವತ್ತು ಆಡಲಿಲ್ಲ. ಆಮೇಲೆ ಪ್ರತಿ ಮದುವೆ, ಪ್ರತಿ ತಿಥಿಯಲ್ಲಿ ಒಂದೊಂದು ಮಾತಿನಂತೆ ಆಡಿ ತೀರಿಸಿಕೊಳ್ಳುತ್ತಿದ್ದಳು. ಈ ಪಂಜರಕ್ಕೆ ಅವನು ಒಪ್ಪಿದ ದಿನ ಮಾತ್ರ ಫೋನಿನಲ್ಲಿ ಅವಳ ದನಿ ಮೆತ್ತಗಾಗಿತ್ತು: "ಹೋಗ್ಲಿ ಬುಡಣ್ಣ, ಸೊಪ್ಪಿಂದು ಹಾಕ್ದೇ ಇದ್ರೂ ಉಕ್ಕಿಂದಾದ್ರೂ ಹಾಕ್ತಿದೀಯಲ್ಲ. ಒಣಗೋದಿಲ್ಲ."

ಶೆಡ್ಡಿನ ಬಾಗಿಲಲ್ಲಿ ನಿಂಗಯ್ಯ ಕಾರನ್ನು ತೊಳೆದು ಒರೆಸುತ್ತಿದ್ದ. "ಸಾ, ನೋಡಿ ಎಂಗದೆ. ನಿಮ್ ಜೀವಮಾನ್ದಲ್ಲಿ ಇಂಥ ಫಿನಿಶಿಂಗ್ ಬಂದಿಲ್ಲ ಸಾ. ಬೆಳಿಗ್ಗೆ ಪಕ್ಕದ ಲೇತ್‌ನೋರೆಲ್ಲ ಬಂದು ಮುಟ್ಟಿ ಮುಟ್ಟಿ ಹೋದ್ರು."

"ನಿಂಗಯ್ಯ, ಆ ಪುಟ್ಟಿ ಎಷ್ಟು ದಪ್ಪ ಹಾಕಿದೀಯ?"

"ನಿಮ್ಗೆ ಯಾಕೆ ಸಾ ಅದು? ತಗ್ಗು ಎಷ್ಟಿತ್ತೋ ಅಷ್ಟು."

"ಮುಂದಿನ ಬಾರಲ್ಲಿ?"

"ಅಲ್ಲಿ ವಸಿ ಜಾಸ್ತೀನೆ ಹಾಕಿದೀನಿ. ನೀವ್ ಉಜ್ಜಿದ್ದೂ ಜಾಸ್ತಿ ಅಲ್ವಾ." ನಿಂಗಯ್ಯ ಬಟ್ಟೆ ಹಿಂಡಿದ. "ಯಾರ್ಗೂ ಗೊತ್ತಾಗಕಿಲ್ಲ ಬುಡಿ."

ಆ ಮಾತು ಅಭಯದಂತೆ ಹೇಳಿದ್ದು. ಪ್ರಸಾದ ಕಾರಿನೊಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ತಲೆಯ ಹಿಂದೆ ದಪ್ಪ ಕಮಾನು, ಕಿವಿಯ ಪಕ್ಕ ಓರೆ ಪೈಪು, ಮೊಣಕಾಲಿನ ಮುಂದೆ ಅಡ್ಡಪೈಪು. ಎಲ್ಲೆಲ್ಲೂ ನುಣುಪು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಅಪ್ಪನ ಪಂಚೆಯ ತುದಿ ಇಲ್ಲಿ ಎಲ್ಲೂ ಸಿಕ್ಕದೆ ಜಾರಿ ಹೋಗಿರುತ್ತಿತ್ತು ಎಂದುಕೊಂಡ, ಮತ್ತು ಹಾಗೆ ಅಂದುಕೊಂಡದ್ದರಿಂದ ಎದೆಯಲ್ಲಿ ಸಣ್ಣಗೆ ಬೆಚ್ಚಗಾದದ್ದನ್ನು ಗಮನಿಸಿ, ಯಾರೋ ಬೇರೆಯವರ ಕಾಯಿಲೆಯ ಲಕ್ಷಣ ನೋಡುವಂತೆ ನೋಡಿದ. ರೇಸಿಗೆ ಮುಂಚೆ ತಪಾಸಣೆ ಮಾಡುವವರು ಇರುತ್ತಾರಂತೆ. ಅವರೇ ಕಂಡುಹಿಡಿದು ಬೇಡವೆಂದುಬಿಟ್ಟರೆ? ಆಗ ತಾನು ಹೇಳುವುದೇ ಬೇಡ. ಅವಮಾನವೇನೋ ಆದೀತು, ಆದರೆ ದೂರದ ಊರಿನಲ್ಲಿ, ತಾನಿಲ್ಲದ ಕಡೆ. ಕಂಡುಹಿಡಿಯದಿದ್ದರೆ? ಬಣ್ಣ ಹೊಡೆದ ಪೈಪು, ನೂರಾರು ಕಾರು, ಉರಿಬಿಸಿಲು. ಬೆರಳಾಡಿಸಿ, ಭಲೇ ಅಂದು ಕಳಿಸಿಯಾರು. ಈ ಜಗತ್ತಿನಲ್ಲಿ ನುಣುಪನ್ನು ಅನುಮಾನಿಸುವವರು ಕಡಿಮೆ ಎಂಬುದು ಅವನ ಹೊಟ್ಟೆಪಾಡಿನ ಅನುಭವ.

ಮಧ್ಯಾಹ್ನ ಪದ್ಮಾವತಿ ಆಟೋದಿಂದ ಇಳಿದಳು. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದರಲ್ಲಿ ಕಾಯಿ, ನಿಂಬೆಹಣ್ಣಿನ ಚೀಲ. ಹಿಂದೆಯೇ ಲಹರಿ, ಲ್ಯಾಬಿನಿಂದ ನೇರ ಬಂದಿದ್ದಳು, ಕೊರಳಲ್ಲಿ ಇನ್ನೂ ಗುರುತಿನ ಕಾರ್ಡು.

"ಏನಣ್ಣ, ಮೊಖ ಹಿಂಗ್ ಕುಯ್ಕೊಂಡಿದೀಯ? ಅತ್ತಿಗೆ ಹೊಡುದ್ರಾ?"

"ಬ್ಲೇಡು."

"ಬ್ಲೇಡಿನ ಮೇಲ್ಯಾಕೆ ಹಾಕ್ತೀಯ ಬುಡು." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಾಗಿಲಿನಿಂದ ಬಗ್ಗಿ ಪಂಜರ ನೋಡಿ ಸುಮ್ಮನಾದಳು. ಅವಳು ಸುಮ್ಮನಾಗುವುದು ಅಪರೂಪ. "ಅಪ್ಪ ಇದ್ದಿದ್ರೆ..." ಎಂದು ಮೂಗೊರೆಸಿಕೊಂಡಳು. ಪ್ರಸಾದ ಕೆಮ್ಮಿದ. "ಪದ್ದಿ, ಇದನ್ನ ಇನ್ನೊಂದ್ಸಲ ನೋಡ್ಬೇಕಾಗಿತ್ತು. ನಂಗೆ ಅಷ್ಟು ಸಮಾಧಾನ ಇಲ್ಲ."

"ನೋಡ್ದ್ಯಾ ಲಹರಿ? ನಮ್ಮಪ್ಪನೂ ಹಿಂಗೇ. ಎಷ್ಟು ಚೆನ್ನಾಗಿದ್ರೂ ಸಮಾಧಾನ ಇಲ್ಲ. ವಂಶದ ಗುಣ."

"ಅದಲ್ಲ ಕಣೇ..."

"ಚೆನ್ನಾಗಿದೆ ಮಾವ" ಎಂದಳು ಲಹರಿ. ತುಸು ಬೇಗನೇ ಹೇಳಿದಳು.

ಹೇಳಿದೆನಲ್ಲ, ಅವರೇ ಕೇಳಲಿಲ್ಲ, ಎಂದು ಅವನೊಳಗಿನ ವಕೀಲ ಆಗಲೇ ಕಡತ ಮುಚ್ಚುತ್ತಿದ್ದ. ಪದ್ಮಾವತಿ ಬಾನೆಟ್ಟಿಗೆ ಅರಿಶಿನ ಹಚ್ಚಿ, ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. ನಂತರ ಕುಂಕುಮದ ಬಟ್ಟಲು ಹಿಡಿದು ಕಾರಿನೊಳಗೆ ತೂರಿಕೊಂಡಳು. "ಗಂಟುಗಂಟಿಗೂ ಕುಂಕುಮ ಇಡ್ಬೇಕು. ಎಲ್ಲೆಲ್ಲಿ ಕೂಡ್ಸಿದೀಯೋ ಅಲ್ಲೆಲ್ಲ. ಅಲ್ಲೇ ತಾನೆ ದೃಷ್ಟಿ ತಾಗೋದು." ಬೆರಳು ಕುಂಕುಮದಲ್ಲಿ ಅದ್ದಿ, ಪೈಪಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿದಳು. "ಅಯ್ಯೋ, ಎಲ್ಲಿ ಕೂಡ್ಸಿದೀಯ ಅಂತಾನೇ ಗೊತ್ತಾಗ್ತಿಲ್ವಲ್ಲಣ್ಣ. ನಿಂಗಯ್ಯ, ಎಲ್ಲಯ್ಯ ಜಾಯಿಂಟು?"

"ಅದೇ ಕಣವ್ವ ನಮ್ ಯಜಮಾನ್ರ ಕೈ" ಎಂದ ನಿಂಗಯ್ಯ, ತಾನೂ ಒಂದು ಪಾಲು ಹೊಗಳಿಕೆ ತೆಗೆದುಕೊಳ್ಳುತ್ತ.

"ಇಲ್ಲಮ್ಮ" ಎಂದಳು ಲಹರಿ. ಆಚೆ ಬಾಗಿಲಿನಿಂದ ಬಗ್ಗಿ ಬೆರಳು ತೋರಿಸಿದಳು. "ಇಲ್ಲಿಡು." ಪದ್ಮಾವತಿ ಇಟ್ಟಳು. "ಇಲ್ಲಿ. ಇಲ್ಲಿ ಕೆಳಗಡೆ. ಅದಲ್ಲ, ಇನ್ನೊಂಚೂರು ಈಚೆ. ಹಾಂ." ಅವಳು ತಡಕಾಡಲಿಲ್ಲ, ಬೆರಳಾಡಿಸಿ ಹುಡುಕಲಿಲ್ಲ. ಬಣ್ಣದ ಅಡಿಯಲ್ಲಿ ನರ ಎಲ್ಲಿದೆಯೆಂದು ಬಲ್ಲವಳ ಹಾಗೆ ಒಂದಾದ ಮೇಲೊಂದು ತೋರಿಸುತ್ತ ಹೋದಳು. ಆಮೇಲೆ ಬಾನೆಟ್ಟು ಎತ್ತಿ ಮುಂದಿನ ಬಾರುಗಳ ಹತ್ತಿರ ಬಂದು, "ಇಲ್ಲಿ ದೊಡ್ಡದಾಗಿ ಇಡಮ್ಮ" ಎಂದಳು. ಬೂದು ಪೈಪುಗಳ ಮೇಲೆ ಕೆಂಪು ಬೊಟ್ಟುಗಳು ಸಾಲಾಗಿ ನಿಂತವು. ಒಂದೂ ತಪ್ಪಿರಲಿಲ್ಲ, ಹೆಚ್ಚು ಉಜ್ಜಿದಲ್ಲೇ ದೊಡ್ಡ ಬೊಟ್ಟು. ಪ್ರಸಾದ ಬೊಟ್ಟುಗಳನ್ನು ನೋಡಿದ, ಲಹರಿಯನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ನೋಡದಿರುವುದರಲ್ಲಿ ಬಹಳ ಶ್ರದ್ಧೆಯಿತ್ತು.

ಕಾಯಿ ಒಡೆದಾಯಿತು. ಪದ್ಮಾವತಿ ತಟ್ಟೆ ಹಿಡಿದು ಪಕ್ಕದ ಲೇತ್ ಅಂಗಡಿಯವರಿಗೆ ಕಾಯಿಹೋಳು ಹಂಚಲು ಹೋದಳು. ಅಣ್ಣನ ಕೈಚಳಕವನ್ನೂ ಜೊತೆಗೇ ಹಂಚುವವಳು, ಬೇಗ ಬರುವುದಿಲ್ಲ. ನಿಂಗಯ್ಯ ಅವಳ ಹಿಂದೆ ಹೋದ. ಶೆಡ್ಡಿನಲ್ಲಿ ಇಬ್ಬರೇ ಉಳಿದರು.

"ಯಾವತ್ತು ಗೊತ್ತಾಯ್ತು ನಿಂಗೆ?"

ಲಹರಿ ಕೊರಳ ಕಾರ್ಡು ತೆಗೆದು ಅದರ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತೇ ಮಾವ. ನೆಲದ ಮೇಲೆಲ್ಲ ಪುಡಿ ಬಿದ್ದಿತ್ತು. ಗುಡಿಸಿರ್ಲಿಲ್ಲ."

"ಮತ್ಯಾಕಮ್ಮ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ದಿನಾ ಫೋನ್ ಮಾಡ್ತಿದ್ದೆ. ತಿಂಡಿ ಆಯ್ತಾ ಅಂತೀನಿ. ನಿಂದು ಆಯ್ತಾ ಅಂತೀರಿ. ಆಯ್ತು ಅಂತೀನಿ. ಆಮೇಲೆ ಹೇಗೆ ಹೇಳೋದು?"

"ನಾನೂ ಹೇಳೋಣ ಅಂತಾನೇ..." ಎಂದ ಅವನು. ವಾಕ್ಯ ತನ್ನಷ್ಟಕ್ಕೇ ನಿಂತಿತು. ಹೊರಗೆ ಪದ್ಮಾವತಿಯ ದನಿ, 'ಎಂ.ಎ. ಓದಿರೋರು ಕಣ್ರೀ' ಎಂದು ಯಾರಿಗೋ ಹೇಳುತ್ತಿತ್ತು. "ಗೊತ್ತಿದ್ದೂ ಇದರೊಳಗೆ ಕೂತ್ಕೋತಿದ್ಯಾ ಭಾನುವಾರ?"

"ಹದಿನೈದು ಸೆಕೆಂಡ್ ತಾನೆ ಮಾವ, ಏನಾಗಿಬಿಡುತ್ತೆ ಅನ್ಕೊಂಡೆ." ಅವಳು ದಾರ ಬಿಚ್ಚಿ ಮತ್ತೆ ಸುತ್ತಿದಳು. "ನಿಮ್ಮ ಮುಂದೆ ನಿಂತು ಇದನ್ನ ಹೇಳೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು."

ಅವನು ಅಳು ಬರಬಹುದೆಂದು ಕಾದ, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಬಂದದ್ದು ಒಂದು ಚಿತ್ರ: ಇಬ್ಬರು ಮರ್ಯಾದಸ್ಥರು ಬಾಗಿಲಲ್ಲಿ ನಿಂತು 'ನೀವು ಮೊದಲು, ನೀವು ಮೊದಲು' ಎಂದು ಉಪಚಾರ ಹೇಳಿಕೊಳ್ಳುತ್ತಿದ್ದಾರೆ, ಬಾಗಿಲಿನಾಚೆ ಬಾವಿ. ತನ್ನ ಮನಸ್ಸು ನೋಯಬಾರದೆಂದು ಈ ಹುಡುಗಿ ಸಾಯಲೂ ತಯಾರಿದ್ದಳು. ತಾನು ಅವಳಿಂದ ಸಣ್ಣವನೆನಿಸಿಕೊಳ್ಳಬಾರದೆಂದು ಅವಳನ್ನು ಸಾಯಲು ಬಿಡಲು ತಯಾರಿದ್ದ. ಎರಡನ್ನೂ ಒಂದೇ ಹೆಸರಿನಿಂದ, ದಾಕ್ಷಿಣ್ಯ ಎಂದು ಕರೆಯುವುದು ಭಾಷೆಯ ಔದಾರ್ಯ. ಎಷ್ಟು ಚೆಂದವಾಗಿ ಬೆಳೆಸಿದ್ದೇವೆ ಮಕ್ಕಳನ್ನು, ಎಂದು ಅವನಿಗೆ ಅನ್ನಿಸಿತು. ಎಲ್ಲೂ ಬೆರಳಿಗೆ ತೊಡರುವುದಿಲ್ಲ.

ಗೋಡೆಗೆ ನೇತುಹಾಕಿದ್ದ ಕಟಿಂಗ್ ಮೆಷಿನ್ ತೆಗೆದ. ಕನ್ನಡಕ ಹಾಕಿಕೊಂಡ. ಎಡ ಬಾರಿನ ಮೇಲೆ ದೊಡ್ಡದಾಗಿ ಇಟ್ಟಿದ್ದ ಕುಂಕುಮದ ಬೊಟ್ಟಿಗೆ ಸರಿಯಾಗಿ ಅಲಗನ್ನು ಹಿಡಿದ. ಕಿಡಿ ಹಾರಿತು, ಮಲ್ಲಿಗೆ ಹಾರದ ಒಂದು ತುದಿ ಕಮರಿ ವಾಸನೆ ಬಂತು. ಪೈಪು ಇಬ್ಭಾಗವಾಗುವ ಹೊತ್ತಿಗೆ ಪದ್ಮಾವತಿ ಖಾಲಿ ತಟ್ಟೆಯೊಂದಿಗೆ ಓಡಿ ಬಂದಳು, ಹಿಂದೆಯೇ ನಿಂಗಯ್ಯ.

"ಅಣ್ಣಾ! ಏನಾಗದೆ ನಿಂಗೆ? ಪೂಜೆ ಆಗಿರೋ ಗಾಡಿ ಕಣೋ! ಕರ್ಪೂರ ಇನ್ನೂ ಉರೀತದೆ!"

ಅವನು ಮೆಷಿನ್ ನಿಲ್ಲಿಸಿದ. ಕುಯ್ದ ಬಾಯಲ್ಲಿ ಉಕ್ಕು ಒಂದು ಕಡೆ ದಪ್ಪಕ್ಕೆ, ಇನ್ನೊಂದು ಕಡೆ ಬ್ಲೇಡಿನಷ್ಟು ತೆಳ್ಳಗೆ ಹೊಳೆಯುತ್ತಿತ್ತು. ತೆಳ್ಳಗಿದ್ದ ಕಡೆ ನಿಂಗಯ್ಯನ ಪುಟ್ಟಿ ಬೆಣ್ಣೆಯ ಹಾಗೆ ಕೂತಿತ್ತು. "ನೋಡಿಲ್ಲಿ" ಎಂದ. "ನಾನು ಕೆಡಿಸಿದೀನಿ ಪದ್ದಿ. ಉಜ್ಜಬಾರದಾಗಿತ್ತು, ಉಜ್ಜಿಬಿಟ್ಟೆ. ಇದೇ ಸ್ಥಿತಿಯಲ್ಲಿ ಗುದ್ದಿದ್ರೆ ಬಾರು ಮುರಿದು ಅವಳ ಕಡೆಗೇ ಬರ್ತಿತ್ತು."

ಪದ್ಮಾವತಿ ಬಗ್ಗಿ ನೋಡಿದಳು. ಅವಳಿಗೆ ಪೈಪಿನ ಬಗ್ಗೆ ಏನೂ ತಿಳಿಯದು. ತೆಳ್ಳಗಿರುವುದು ದಪ್ಪಗಿರುವುದು ತಿಳಿಯುತ್ತದೆ. ತಟ್ಟೆಯನ್ನು ನೆಲದ ಮೇಲಿಟ್ಟಳು. ಗುಡ್ಲಿನ ಮಾತು ಈಗ ಬರುತ್ತದೆ ಎಂದು ಅವನು ಬೆನ್ನು ಗಟ್ಟಿ ಮಾಡಿಕೊಂಡ. ಬರಲಿಲ್ಲ. ಅವಳು ಮಗಳ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತೇನೇ?"

ಲಹರಿ ಹೌದೆಂದು ತಲೆಯಾಡಿಸಿದಳು.

"ಗೊತ್ತಿದ್ದೂ ನನ್ ಕೈಲಿ ಕುಂಕುಮ ಇಡ್ಸಿದ್ಯಾ? ದಾಕ್ಷಿಣ್ಯಕ್ಕೆ ಬಸಿರಾದೋಳ್ಗೆ ಹೆರೋಕೆ ಜಾಗ ಇಲ್ವಂತೆ, ನಿಂಗೆ ಸಾಯಕ್ಕೇನೋ ಜಾಗ ಸಿಕ್ತಿತ್ತಲ್ಲೇ!" ಎಂದು ಮಗಳ ತೋಳಿಗೆ ಒಂದು ಬಿಗಿದಳು. ಅಣ್ಣನಿಗೂ ಬಿಗಿಯುವವಳಂತೆ ಕೈಯೆತ್ತಿ, ವಯಸ್ಸು ನೆನಪಾಗಿ ಇಳಿಸಿದಳು. "ಭಾನುವಾರ?"

"ಆಗಲ್ಲ" ಎಂದ ಪ್ರಸಾದ. "ಮುಂದಿರೋ ಬಾರುಗಳಿಗೆ ಹೊಸ ಪೈಪೇ ಬೇಕು, ಅದು ಬೆಂಗಳೂರಿಂದ ಬರ್ಬೇಕು. ಒಳಗಿಂದು ಒಂದೊಂದಾಗಿ ಪುಟ್ಟಿ ಕೆರೆದು, ತಗ್ಗಿರೋ ಕಡೆ ಕುಯ್ದು ಹೊಸ ತುಂಡು ಹಾಕಿ ವೆಲ್ಡ್ ಮಾಡ್ಬೇಕು."

ಲಹರಿ ಹೊರಗೆ ಹೋದಳು. ಬೇವಿನ ಮರದ ಕೆಳಗೆ ನಿಂತು ಯಾರಿಗೋ ಫೋನು ಮಾಡುತ್ತಿದ್ದುದು ಕಂಡಿತು. ಹೆಸರು ವಾಪಸು ತೆಗೆದುಕೊಳ್ಳುತ್ತಿರಬೇಕು. ಒಮ್ಮೆ ಕಾಲಿನಿಂದ ಮರವನ್ನು ಒದ್ದಳು. ಈ ಹುಡುಗಿ ತನ್ನೆದುರಿಗೆ ಎಂದೂ ಏನನ್ನೂ ಒದ್ದದ್ದನ್ನು ಅವನು ಕಂಡಿರಲಿಲ್ಲ. ಅವಳು ಮರಳಿ ಬಂದಾಗ ಕಣ್ಣು ಕೆಂಪಗಿದ್ದವು. "ಒಂದು ವರ್ಷ ಕಾದಿದ್ದೆ ಮಾವ ಇದಕ್ಕೆ" ಎಂದಳು. ಅವನು ಏನಾದರೂ ಹೇಳಲಿ ಎಂದು ಕಾಯಲಿಲ್ಲ. ಕೂದಲು ಕಟ್ಟಿಕೊಂಡು, ನಿಂಗಯ್ಯನ ಕೈಯಿಂದ ಉಳಿ ಕಸಿದುಕೊಂಡು, ಕಾರಿನೊಳಗೆ ಮಂಡಿಯೂರಿ ಮೊದಲ ಬೊಟ್ಟಿನಿಂದ ಪುಟ್ಟಿ ಕೆರೆಯತೊಡಗಿದಳು. ಬೂದು ಪುಡಿ, ಕೆಂಪು ಪುಡಿ ಒಟ್ಟಿಗೆ ಉದುರಿತು.

ಬೆಳಕು ಇನ್ನೂ ಇದ್ದಾಗಲೇ ಪ್ರಸಾದ ಮೊದಲ ಕೂಡಿಕೆಯನ್ನು ಮತ್ತೆ ಬೆಸೆದ. ತೆಳ್ಳಗಾದ ತುಂಡು ತೆಗೆದು, ಉಳಿದಿದ್ದ ಪೈಪಿನಲ್ಲಿ ಹೊಸ ತುಂಡು ಕೂರಿಸಿ, ಸುತ್ತ ಒಂದೇ ಉಸಿರಿನಲ್ಲಿ ಬೆಸುಗೆ ಎಳೆದ. ಮುಖವಾಡ ಎತ್ತಿ ನೋಡಿದ. ಬೆಸುಗೆ ಕಂಬಳಿಹುಳದ ಹಾಗೆ ಪೈಪನ್ನು ತಬ್ಬಿಕೊಂಡು ಕೂತಿತ್ತು, ಉಬ್ಬುಬ್ಬಾಗಿ, ಗಂಟುಗಂಟಾಗಿ. ಬಾಗಿಲಲ್ಲಿ ನಿಂತ ನಿಂಗಯ್ಯನ ಮುಖದಲ್ಲಿ ಸೂತಕದ ಕಳೆಯಿತ್ತು. "ಇಂಗೇ ಬುಡೋದಾ ಸಾ? ಜನ ನೋಡಿದ್ರೆ ಏನಂದಾರು?" ಚೆನ್ನಾಗಿ ಹಿಡಿದಿದೆ ಎಂದು ಪ್ರಸಾದನಿಗೆ ಗೊತ್ತಿತ್ತು. ಒಂದು ಕಡೆ ಮಾತ್ರ ಸಣ್ಣ ಹನಿಯೊಂದು ಹೊರಗೆ ಚಾಚಿಕೊಂಡಿತ್ತು, ಅಷ್ಟೇ. ಅದೊಂದನ್ನು ತೆಗೆದರೆ ಬಲಕ್ಕೇನೂ ಕುಂದಿಲ್ಲ, ಕಣ್ಣಿಗೂ ಒಂದು ಲಕ್ಷಣ. ಅವನ ಎಡಗೈ ಬೆಸುಗೆಯ ಮೇಲಿತ್ತು. ಬಲಗೈ ತನ್ನ ಪಾಡಿಗೆ ನೆಲದ ಮೇಲೆ ಗ್ರೈಂಡರನ್ನು ತಡವುತ್ತಿತ್ತು.

"ಮುಟ್ಬೇಡಿ" ಎಂದಳು ಲಹರಿ.

ಕೈ ನಿಂತಿತು. ಮುಖ ಬಿಸಿಯಾದದ್ದು ಅವನ ಗಮನಕ್ಕೆ ಬಂತು. ಅವಳು ಆಗಲೇ ತಿರುಗಿ ಮುಂದಿನ ಬೊಟ್ಟನ್ನು ಕೆರೆಯುತ್ತಿದ್ದಳು. ಅವನು ಮುಖವಾಡ ಇಳಿಸಿಕೊಂಡು ಅವಳ ಪಕ್ಕಕ್ಕೆ ಸರಿದ. ಅವಳೇನಾದರೂ ಆ ಮಾತಿನ ಕೊನೆಗೆ, ಎಂದಿನಂತೆ, 'ಮಾವ' ಎಂದು ಸೇರಿಸಿದ್ದರೆ ಬಹುಶಃ ಆ ಕೈ ನಿಲ್ಲುತ್ತಿರಲಿಲ್ಲ.